ಕಂಡಿ ಕಾಯ್ದ ಬೊಂಬೆ

ಮಕ್ಕಳೇ, ಬಲು ದೂರದ ಚಳಿನಾಡಿನಲ್ಲಿ ಒಂದು ಜೌಗಿತ್ತು. ವರ್ಷದಲ್ಲಿ ಎಂಟು ತಿಂಗಳು ಅದು ಹೆಪ್ಪುಗಟ್ಟಿರುತ್ತಿತ್ತು. ಅಲ್ಲಿ ಜೊಂಡುಗಗಳು ವಾಸವಾಗಿದ್ದವು. ಜೊಂಡುಗವನ್ನು ನೀವು ನೋಡಿಲ್ಲ, ನಾನೂ ನೋಡಿಲ್ಲ. ಕರುವಿನಷ್ಟು ಮೈ, ಬಾತುಕೋಳಿಯ ಪಾದ, ಕಂಬಳಿಯಂಥ ತುಪ್ಪಳ. ಜೊಂಡಿನ ಬೇರೆಂದರೆ ಪಂಚಪ್ರಾಣ.

ಆ ಬೇರು ಇದ್ದದ್ದು ಮಂಜುಗಡ್ಡೆಯ ಕೆಳಗೆ, ನೀರಿನ ತಳದಲ್ಲಿ. ಇಳಿಯಲು, ಮತ್ತೆ ಮೇಲೆ ಬರಲು ಒಂದೇ ಕಂಡಿ. ಹಾಗೇ ಬಿಟ್ಟರೆ ಅದು ಹೆಪ್ಪುಗಟ್ಟಿ ನೋಡನೋಡುತ್ತ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೇ ದಿನಕ್ಕೊಬ್ಬರು ಕಂಡಿಯ ಪಕ್ಕ ಕೂತು ಅಂಚನ್ನು ಹಲ್ಲಿನಿಂದ ಕಡಿಯುತ್ತಿರಬೇಕೆಂದು ಎಲ್ಲರಿಗಿಂತ ಹಿರಿಯಳಾದ ಬೋರಜ್ಜಿ ಸರದಿ ಗೊತ್ತುಮಾಡಿದ್ದಳು.

ದುಬ್ಬನೆಂಬ ಜೊಂಡುಗನಿಗೆ ಸರದಿಯೆಂದರೆ ಆಗದು. ಹಲ್ಲು ಜುಮ್ಮೆನ್ನುತ್ತದೆ ಎಂದು ಒಮ್ಮೆ, ಹೊಟ್ಟೆನೋವೆಂದು ಇನ್ನೊಮ್ಮೆ ತಪ್ಪಿಸಿಕೊಂಡಿದ್ದ. ನೆಪಗಳೆಲ್ಲ ಮುಗಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಒಣ ಜೊಂಡು ಕಟ್ಟಿ, ಕೆಸರು ಮೆತ್ತಿ, ಉದುರಿದ ತನ್ನದೇ ತುಪ್ಪಳ ಅಂಟಿಸಿ ಥೇಟು ತನ್ನಂಥದೇ ಬೊಂಬೆ ಮಾಡಿದ. ಸರದಿಯ ದಿನ ಅದನ್ನು ತಲೆ ಬಗ್ಗಿಸಿ ಕಂಡಿಯ ಬಳಿ ಕೂರಿಸಿದ. ಬೊಂಬೆ ಮಾಡಿದ ಶ್ರಮದಲ್ಲಿ ಮೂರು ಸರದಿ ಮುಗಿಯುತ್ತಿತ್ತು. ಆದರೆ ಮೈಗಳ್ಳರಿಗೆ ಅದನ್ನು ಹೇಳುವವರು ಯಾರು?

ಇವತ್ತು ದುಬ್ಬನ ಸರದಿಯೆಂದು ಉಳಿದವರು ಬೆಳಗ್ಗೆಯೇ ಹೊಟ್ಟೆ ತುಂಬಿಸಿಕೊಂಡು ದಿಬ್ಬದ ಮೇಲೆ ಬಿಸಿಲು ಕಾಯಿಸುತ್ತಿದ್ದರು. ದುಬ್ಬ ಸದ್ದಿಲ್ಲದೆ ಕಂಡಿಯೊಳಗೆ ಇಳಿದು ಸಿಹಿಬೇರು ಹುಡುಕಿ ಮೆಲ್ಲತೊಡಗಿದ. ಉಸಿರು ತೀರುತ್ತ ಬಂದಾಗ ಮೇಲೆ ಬಂದ. ಮೂಗು ಹೊರಗೆ ಬಂತು, ತಲೆ ಬರಲಿಲ್ಲ. ಕಂಡಿ ಅಷ್ಟು ಕಿರಿದಾಗಿಬಿಟ್ಟಿತ್ತು. ಕೆಳಗಿನಿಂದ ಕಡಿಯೋಣವೆಂದರೆ ನುಣ್ಣನೆಯ ಗಡ್ಡೆಗೆ ಹಲ್ಲು ನಾಟದು. ಕೂಗೋಣವೆಂದರೆ ಬಾಯಿ ನೀರಿನೊಳಗೆ. ಅವನಿಗೆ ಜೀವ ಬಾಯಿಗೆ ಬಂತು. ಬುಸ್ ಬುಸ್ ಎಂದು ಮೂಗಿನಲ್ಲೇ ಸದ್ದು ಮಾಡಿದ.

ಅಲ್ಲಿ ಹಾದುಹೋಗುತ್ತಿದ್ದ ಬಾತುಕೋಳಿಗೆ ಬೊಂಬೆ ಕಂಡಿತು, ಅದರ ಗದ್ದದ ಕೆಳಗಿದ್ದ ದುಬ್ಬನ ಮೂಗು ಕಾಣಲಿಲ್ಲ. ಅದು ದಿಬ್ಬಕ್ಕೆ ಹೋಗಿ ಹೇಳಿತು: "ನಿಮ್ಮ ದುಬ್ಬ ಇವತ್ತು ತಲೆಯೆತ್ತದೆ ದುಡೀತಿದಾನೆ. ಏದುಸಿರು ಬಿಡ್ತಿದಾನೆ, ಪಾಪ."

ಎಲ್ಲರಿಗೂ ಖುಷಿಯೋ ಖುಷಿ. ಯಾರೂ ಹೋಗಿ ಮಾತಾಡಿಸಿ ಅವನ ಕೆಲಸ ಕೆಡಿಸಬೇಡಿ ಎಂದು ಬೋರಜ್ಜಿ ಅಪ್ಪಣೆಯನ್ನೇ ಮಾಡಿದಳು. ಇತ್ತ ಕಂಡಿಯಲ್ಲಿ ಒಂದು ಹೊಳ್ಳೆಗೆ ಮಾತ್ರ ಜಾಗ ಉಳಿದಿತ್ತು.

ಸ್ವಲ್ಪ ಹೊತ್ತಿಗೆ ಅಜ್ಜಿಗೇ ಮನಸ್ಸು ತಡೆಯಲಿಲ್ಲ. ಇಷ್ಟು ದುಡಿಯುವವನಿಗೆ ಒಂದು ಬೇರಾದರೂ ಕೊಡಬೇಡವೇ ಎಂದು ಕಚ್ಚಿಕೊಂಡು ಬಂದಳು. ಬೇರನ್ನು ಮುಂದಿಟ್ಟು, "ತಗೋ ಮಗಾ, ಸುಧಾರಿಸ್ಕೋ" ಎಂದು ಬೆನ್ನು ಸವರಿದಳು. ತಲೆ ಕಳಚಿ ಬಿತ್ತು. ಅಜ್ಜಿ ಹೌಹಾರಿದಳು. ಅಷ್ಟರಲ್ಲಿ ಕಾಲಬುಡದಲ್ಲಿ ಬುಸ್ ಎಂದಿತು. ಬಗ್ಗಿ ನೋಡಿದರೆ ಒಂದು ಹೊಳ್ಳೆ.

ಅವಳ ಕೂಗಿಗೆ ಎಲ್ಲರೂ ಓಡಿಬಂದು ಕಂಡಿ ಕಡಿದು ಅಗಲಿಸಿದರು. ಹೊರಬಂದ ದುಬ್ಬ ಅಜ್ಜಿಯ ಕಾಲಿಗೆ ಬಿದ್ದು, ನಿಮಗೆಲ್ಲ ಮೋಸ ಮಾಡಿದೆ ಎಂದು ಅತ್ತ.

"ನಮಗಲ್ಲ ಮಗಾ" ಎಂದಳು ಅಜ್ಜಿ. "ಕಂಡಿ ಕಾಯೋನು ದುಬ್ಬ ಅಂತ ಗೊತ್ತಿದ್ದೂ ಇವತ್ತು ನೀರಿಗೆ ಇಳಿದೋನು ನೀನೊಬ್ಬನೇ."

ಬೊಂಬೆಯನ್ನು ಬಿಸಾಡಲು ಅವಳು ಬಿಡಲಿಲ್ಲ, ತಲೆ ಅಂಟಿಸಿ ಅಲ್ಲೇ ಕೂರಿಸಿದಳು. ಅಂದಿನಿಂದ ದುಬ್ಬನ ಸರದಿ ಬಂದಾಗಲೆಲ್ಲ ನೀರಿಗಿಳಿಯುವವರು ನಿಂತು ಕೇಳುತ್ತಿದ್ದರು: "ನಿಮ್ಮಿಬ್ಬರಲ್ಲಿ ದುಬ್ಬ ಯಾರಪ್ಪ?"

"ಹಲ್ಲು ಜುಮ್ ಅಂತಿರೋನು" ಎನ್ನುತ್ತಿದ್ದ ಅವನು, ಕಡಿಯುವುದನ್ನು ನಿಲ್ಲಿಸದೆ.

ನೀತಿ: ಎಲ್ಲರ ಕೆಲಸದಲ್ಲಿ ಕಳ್ಳಾಟವಾಡುವವನು ಆ ಎಲ್ಲರಲ್ಲಿ ತಾನೂ ಒಬ್ಬನೆಂಬುದನ್ನು ಮರೆಯಬಾರದು.