ಗೆಜ್ಜೆ ಕಟ್ಟಿದ ಗೋಣಿಪರದೆ

"ಗುರುಗಳೇ, ಮರಿದೇವನೊಬ್ಬನನ್ನೇ ಒಳಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಪಾಠ ಹೇಳುತ್ತೀರಿ. ನಮಗೆ ಹೇಳಬಾರದಂಥ ವಿದ್ಯೆ ಅದು ಯಾವುದು?" ಎಂದು ಶಿಷ್ಯನೊಬ್ಬ ಕೇಳಿದ. ಕೇಳಿದ ಮೇಲೆ ಹೆದರಿ, "ನಾನಲ್ಲ, ಎಲ್ಲರೂ ಹಾಗೆ ಮಾತಾಡಿಕೊಳ್ಳುತ್ತಿದ್ದಾರೆ" ಎಂದ.

"ಎಲ್ಲರೂ ಎಂದರೆ ನೀನು ತಾನೇ?" ಎಂದರು ಗುರುಗಳು. "ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ಪೇಟೆಯಲ್ಲಿ ಒಬ್ಬ ಅಕ್ಕಸಾಲಿ ಇದ್ದ. ತಗಡನ್ನು ಮಡಿಸಿ ಎಲೆಯ ಪದಕ ಮಾಡುವುದರಲ್ಲಿ ಅವನದು ಎತ್ತಿದ ಕೈ. ಅಚ್ಚು ಬೇಡ, ಬೆಸುಗೆ ಬೇಡ. ತಗಡನ್ನು ನಡುವೆ ಮಡಿಸುತ್ತಿದ್ದ. ಅರ್ಧ ಎಲೆಯ ಆಕಾರಕ್ಕೆ ಕತ್ತರಿಸುತ್ತಿದ್ದ. ಮಡಿಕೆಯ ಅಂಚನ್ನು ಸುತ್ತಿಗೆಯಿಂದ ಬಡಿದಷ್ಟೂ ತಗಡು ತಾನಾಗಿ ಬಾಗುತ್ತಿತ್ತು. ಆದರೆ ಪೆಟ್ಟು ತಿಂದ ತಗಡು ಬಿರುಸಾಗುತ್ತದೆ. ಹಾಗೇ ಬಿಡಿಸಲು ಹೋದರೆ ಮಡಿಕೆಯಲ್ಲೇ ಸೀಳುತ್ತದೆ. ಒಮ್ಮೆ ಬೆಂಕಿಯಲ್ಲಿ ಕಾಯಿಸಿದರೆ ಮೆತ್ತಗಾಗುತ್ತದೆ. ಆಮೇಲೆ ಬಿಡಿಸಿದರೆ, ನಡುವೆ ದಂಟು ಎದ್ದ ಎಲೆ ತೆರೆದುಕೊಳ್ಳುತ್ತದೆ.

ಅವನ ಬಳಿ ಒಬ್ಬ ಕೆಲಸ ಕಲಿಯಲು ಸೇರಿದ. ಮೂವತ್ತು ದಾಟಿದವನು. ಅಲ್ಲಿಯವರೆಗೆ ಸರಗಳಿಗೆ ರೇಷ್ಮೆ ದಾರ ಪೋಣಿಸಿಕೊಡುತ್ತಿದ್ದವನು. ಅವನ ತಾಯಿ ಸಾಯುವ ಮುನ್ನ ಕಿವಿಯ ಓಲೆ ಬಿಚ್ಚಿ ಅವನ ಕೈಗಿಟ್ಟು, "ತಂಗಿ ಮದುವೆಗೆ ಇದ್ರಲ್ಲಿ ಒಂದು ಎಲೆ ಮಾಡ್ಸು. ಅವಳ ಕೊರಳಲ್ಲಿ ನಾನಿರ್ತೀನಿ" ಎಂದಿದ್ದಳು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕೇಳುತ್ತಲೇ ಬೆಳೆದವನು ಇವನು. ತಾಯಿಯ ಓಲೆಯನ್ನು ಪರರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ. ತಾನೇ ಕಲಿತು ತಾನೇ ಮಾಡುತ್ತೇನೆಂದು ಬಂದಿದ್ದ.

ಎರಡು ವರ್ಷ ತಾಮ್ರದ ತಗಡಿನಲ್ಲಿ ಕಲಿತ. ಮಡಿಸುವುದು ಬಂತು. ಬಡಿಯುವುದು ಬಂತು. ಕಾಯಿಸುವ ಕೆಲಸವನ್ನು ಮಾತ್ರ ಅಕ್ಕಸಾಲಿ ಬಿಟ್ಟುಕೊಡಲಿಲ್ಲ. ಅಂಗಡಿಯ ಹಿಂದೆ ಒಂದು ಕತ್ತಲೆಯ ಮೂಲೆ, ಅದಕ್ಕೊಂದು ಗೋಣಿಪರದೆ. ಬಿರುಸಾದ ತಗಡು ಹಿಡಿದು ಅಕ್ಕಸಾಲಿ ಒಳಗೆ ಹೋಗುತ್ತಿದ್ದ, ಮೆತ್ತಗಾದ ತಗಡು ಹಿಡಿದು ಹೊರಗೆ ಬರುತ್ತಿದ್ದ. ಗೋಣಿಯ ಅಂಚಿಗೆ ನಾಲ್ಕು ಗೆಜ್ಜೆ ಬೇರೆ ಕಟ್ಟಿದ್ದ. ಯಾರಾದರೂ ಇಣುಕಿದರೆ ಸದ್ದಾಗಬೇಕು!

ಗೆಜ್ಜೆ ಕಟ್ಟಿದ ಪರದೆಯ ಹಿಂದೆ ಏನೂ ಇಲ್ಲವೆಂದರೆ ಯಾರು ನಂಬುತ್ತಾರೆ? ಇವನೂ ನಂಬಲಿಲ್ಲ. ಊದುಗೊಳವೆಯ ಸದ್ದು ಕೇಳಿದರೆ ಮಂತ್ರ ಎಂದುಕೊಂಡ. ಸದ್ದು ನಿಂತರೆ, ಈಗ ತಗಡು ಬದಲಾಯಿಸುತ್ತಿದ್ದಾನೆ ಎಂದುಕೊಂಡ. ಪರೀಕ್ಷೆ ಮಾಡೋಣವೆಂದು ಒಂದು ತಾಮ್ರದ ತಗಡಿಗೆ ಮೊಳೆಯಿಂದ ಸಣ್ಣ ಗೀರು ಎಳೆದ. ಮಡಿಸಿ, ಬಡಿದು, ಅಕ್ಕಸಾಲಿಗೆ ಕೊಟ್ಟ. ತಗಡು ಹೊರಗೆ ಬಂದಾಗ ಗೀರು ಇರಲಿಲ್ಲ. ಸಿಕ್ಕಿಬಿದ್ದ ಕಳ್ಳ ಎಂದುಕೊಂಡ. ಆ ಗೀರಿನ ಮೇಲೆ ಸುತ್ತಿಗೆ ಆಡಿಸಿ ಅಳಿಸಿದವನು ತಾನೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಎದುರಿನವನ ಕೈ ಕಾಯುವುದರಲ್ಲಿ ತನ್ನ ಕೈಯನ್ನು ಮರೆತಿದ್ದ, ಪಾಪ.

ತಂಗಿಯ ಮದುವೆ ಬಂತು. ಓಲೆಯ ಚಿನ್ನವನ್ನು ತನ್ನ ಕಣ್ಣೆದುರಿಗೇ ತಗಡು ಮಾಡಿಸಿ, ಕಣ್ಣು ಕೀಳದೆ ಕೂತು ಮಡಿಸಿ ಬಡಿದ. ಕೈ ಚೆನ್ನಾಗಿ ಕುದುರಿತ್ತು. ಅಕ್ಕಸಾಲಿಯೇ ಕದ್ದು ನೋಡಿ ಮೆಚ್ಚಿಕೊಂಡ. ಕಾಯಿಸಿ ಬಿಡಿಸುವುದೊಂದು ಬಾಕಿ. ಮದುವೆಯ ಹಿಂದಿನ ಮಧ್ಯಾಹ್ನ ತಂಗಿ ಎಲೆ ಒಯ್ಯಲು ಬಂದು ಅಂಗಳದಲ್ಲಿ ನಿಂತಿದ್ದಳು. ಅಕ್ಕಸಾಲಿ ಎಂದಿನಂತೆ ಕೈ ಚಾಚಿದ. ಇವನು ಕೊಡಲಿಲ್ಲ.

"ಇದನ್ನ ನಾನೇ ಕಾಯಿಸ್ತೀನಿ. ಇಲ್ಲೇ ಅಂಗಳದಲ್ಲಿ, ನಾಲ್ಕು ಜನರ ಕಣ್ಣೆದುರಿಗೆ."

"ಅಂಗಳದಲ್ಲಿ ಬೇಡ."

"ಯಾಕೆ ಬೇಡ?"

ಉತ್ತರ ಅಕ್ಕಸಾಲಿಯ ನಾಲಿಗೆಯ ತುದಿಯಲ್ಲೇ ಇತ್ತು. ಕಾದ ಚಿನ್ನದ ಮಂದ ಕೆಂಪು ಕತ್ತಲೆಯಲ್ಲಿ ಮಾತ್ರ ಕಾಣುತ್ತದೆ. ಬಿಸಿಲಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಇನ್ನೂ ಕಾದಿಲ್ಲವೆಂದು ಊದುತ್ತಾ ಹೋದರೆ ಚಿನ್ನ ಕರಗಿಹೋಗುತ್ತದೆ. ಪರದೆಯ ಹಿಂದೆ ಇದ್ದ ಗುಟ್ಟು ಇಷ್ಟೇ. ಆದರೆ ಇದನ್ನೂ ಹೇಳಿಬಿಟ್ಟರೆ ಈ ಮನುಷ್ಯ ನಾಳೆಯೇ ಎದುರು ಸಾಲಿನಲ್ಲಿ ಅಂಗಡಿ ಇಡುತ್ತಾನೆ ಎಂದು ಅಕ್ಕಸಾಲಿಗೆ ಎರಡು ವರ್ಷದಿಂದ ಭಯ.

"ಬೇಡ ಅಂದ್ರೆ ಬೇಡ" ಎಂದುಬಿಟ್ಟ.

ಅಷ್ಟು ಸಾಕಾಯಿತು. ಇವನು ಅಂಗಡಿಯ ಮುಂದಿದ್ದ ಇನ್ನೊಂದು ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಎಳೆದು ತಂದ. ಕೆಂಪಾಗುವವರೆಗೆ ಕಾಯಿಸಬೇಕೆಂದು ಪೇಟೆಯಲ್ಲಿ ಕೇಳಿ ತಿಳಿದಿದ್ದ. ನಡುಬಿಸಿಲಿನಲ್ಲಿ ಕೂತು ಊದಿದ. ಚಿನ್ನ ಕೆಂಪಾಗಲಿಲ್ಲ. ಮತ್ತೂ ಊದಿದ. ಅಕ್ಕಸಾಲಿ ಹೊಸ್ತಿಲಲ್ಲಿ ನಿಂತು ಬಾಯಿ ತೆರೆದ, ಮುಚ್ಚಿದ. ಕೊನೆಗೆ ತಡೆಯಲಾಗದೆ, "ಸಾಕು, ತೆಗಿಯೋ!" ಎಂದು ಕೂಗಿದ. ತೆಗೆಯೆಂದನಲ್ಲ, ಇದರಲ್ಲೂ ಏನೋ ಇದೆ ಎಂದು ಇವನು ಇನ್ನೊಂದು ಉಸಿರು ಊದಿದ. ಎಲೆಯ ಅಂಚು ನಡುಗಿತು. ಮರುಕ್ಷಣ ಎಲೆ ಸುರುಟಿ ಉಂಡೆಯಾಯಿತು.

"ಅಣ್ಣಾ, ಎಲೆ ಎಲ್ಲಿ?" ಎಂದಳು ತಂಗಿ.

ಇವನು ಎದ್ದು ಓಡಿಹೋಗಿ ಗೋಣಿಪರದೆಯನ್ನು ಕಿತ್ತೆಸೆದ. ಗೆಜ್ಜೆಗಳು ಚೆಲ್ಲಾಪಿಲ್ಲಿಯಾದವು. ಒಳಗೆ ಒಂದು ಅಗ್ಗಿಷ್ಟಿಕೆ, ಒಂದು ನೀರಿನ ಕುಡಿಕೆ, ಒಂದು ಮೂರುಕಾಲಿನ ಮಣೆ, ಕತ್ತಲೆ. ಬೇರೇನೂ ಇರಲಿಲ್ಲ. ಹೊರಗೆ ಬಂದು ಉಂಡೆಯನ್ನು ತಕ್ಕಡಿಗೆ ಹಾಕಿದ. ಒಂದು ಗುಲಗಂಜಿಯ ತೂಕವೂ ಕಡಿಮೆಯಾಗಿರಲಿಲ್ಲ. ತಾಯಿಯ ಚಿನ್ನವನ್ನು ಅವನು ಪೂರ್ತಿ ಉಳಿಸಿಕೊಂಡಿದ್ದ. ಮತ್ತೆ ತಗಡು ಮಾಡಿ ಮಡಿಸಿ ಬಡಿಯಲು ಹೊತ್ತಿರಲಿಲ್ಲ. ತಂಗಿ ಆ ಉಂಡೆಯನ್ನೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬರಿಗೊರಳಲ್ಲಿ ಹಸೆಮಣೆಗೆ ಹೋದಳು. ಅಕ್ಕಸಾಲಿ ಅಂದು ಊಟ ಮಾಡಲಿಲ್ಲ. ಹೇಳಬೇಕಾಗಿದ್ದ ಮಾತು ಗಂಟಲಲ್ಲೇ ಇತ್ತು, ಕೇಳುವವನು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಧೈರ್ಯ ಬಂತು. "ತಪ್ಪೆಲ್ಲ ಅಕ್ಕಸಾಲಿಯದೇ ಗುರುಗಳೇ" ಎಂದ. "ಅವನು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇವನು ಯಾಕೆ ಅನುಮಾನ ಪಡುತ್ತಿದ್ದ?"

ಗುರುಗಳು ಒಳಕೋಣೆಯ ಬಾಗಿಲಿನ ಕಡೆಗೆ ನೋಡಿದರು.

"ನಿನ್ನೆ ನೀನು ಆ ಬಾಗಿಲಿಗೆ ಹೊರಗಿನಿಂದ ಕಿವಿ ಇಟ್ಟು ನಿಂತಿದ್ದಾಗ, ಹೊರಗೆ ಯಾರಿದ್ದಾರೋ ಎಂಬ ಅನುಮಾನದಿಂದ ಒಳಗಿನಿಂದ ನಾನೂ ಅದಕ್ಕೇ ಕಿವಿ ಇಟ್ಟು ನಿಂತಿದ್ದೆ."