ಮೂಡ್ಲಗಿರಿಯ ಎಂಟು ದಿನದ ಕೆಲಸ

ನಿಮ್ಮೂರಿನಲ್ಲೂ ಪೆದ್ದರಿರಬಹುದು, ಇಲ್ಲ ಅನ್ನಲ್ಲ. ಆದರೆ ನಮ್ಮ ಕಲ್ಲೇನಹಳ್ಳಿಯ ಮೂಡ್ಲಗಿರಿಯ ಪಕ್ಕ ನಿಲ್ಲಿಸಿ ನೋಡಿ, ನಿಮ್ಮವರೆಲ್ಲ ವಕೀಲರಾಗಿ ಕಾಣುತ್ತಾರೆ. ಪೆದ್ದತನದಲ್ಲೂ ನಮ್ಮೂರೇ ಮುಂದು.

ಮೂಡ್ಲಗಿರಿಗೆ ಇಪ್ಪತ್ತಾರು ವರ್ಷ. ಅವನವ್ವ ಕೆಂಚಮ್ಮನಿಗೆ ಅವನೊಬ್ಬನೇ ಮಗ. ಕುರಿ ಕಾಯಲು ಕಳಿಸಿದಳು, ವಾಪಸು ಬಂದ. ಇಟ್ಟಿಗೆ ಗೂಡಿಗೆ ಕಳಿಸಿದಳು, ವಾಪಸು ಬಂದ. ಹಿಟ್ಟಿನ ಗಿರಣಿಗೆ ಕಳಿಸಿದಳು, ಮಧ್ಯಾಹ್ನಕ್ಕೇ ವಾಪಸು ಬಂದ. ಅವಳು ಕೂತರೆ ಏಳುತ್ತಿದ್ದಳು, ಎದ್ದರೆ ಬಾಗಿಲಿಗೆ ಹೋಗುತ್ತಿದ್ದಳು, ಬಾಗಿಲಿಗೆ ಹೋದರೆ ಮಗ ಬರುತ್ತಿರುವುದು ಕಾಣುತ್ತಿತ್ತು.

ಹೀಗಿರುವಾಗ ಪಕ್ಕದೂರಿನ ಸಿದ್ದಗಂಗಯ್ಯ ಹೇಳಿ ಕಳಿಸಿದ. "ಹುಡುಗನ್ನ ನಾನು ನೋಡಿಲ್ಲ. ಕುಡಿಯಲ್ಲ, ಸುಳ್ಳಾಡಲ್ಲ ಅಂತ ಕೇಳಿದೀನಿ. ಒಂದು ಕಡೆ ಎಂಟು ದಿನ ಕೆಲಸದಲ್ಲಿ ನಿಲ್ಲಲಿ. ಎಂಟನೇ ದಿನ ನಾನೇ ಹೋಗಿ ವಿಚಾರಿಸ್ತೀನಿ. ಇದ್ದರೆ ನಮ್ಮ ಮಗಳು ನೇತ್ರಾವತೀನ ಕೊಡ್ತೀನಿ. ಇಲ್ಲದಿದ್ದರೆ ಬಾಣಾವರದ ಗಂಡು ಕಾಯ್ತಾ ಅವನೆ."

ಕೆಂಚಮ್ಮ ಹುಳಿಯಾರಿಗೆ ಓಡಿದಳು. ಅಲ್ಲಿ ಓಂಕಾರಯ್ಯನ ಕಂಪ್ಯೂಟರ್ ಅಂಗಡಿ. ಎಣ್ಣೆ ಮಿಲ್ಲಿಗೆ, ಡೇರಿಗೆ, ಶಾಲೆಗೆ ಪ್ರೋಗ್ರಾಂ ಬರೆದುಕೊಡುವವನು. ಚಿಕ್ಕಂದಿನಲ್ಲಿ ಕೆಂಚಮ್ಮನ ಮನೆಯ ಮಜ್ಜಿಗೆ ಕುಡಿದು ಬೆಳೆದವನು, ಇಲ್ಲ ಅನ್ನಲಾಗಲಿಲ್ಲ. "ಎಂಟು ದಿನ ಇಟ್ಕೋತೀನಿ ಕಣವ್ವ. ಆಮೇಲೆ ನೋಡಾಣ," ಅಂದ.

ಮೊದಲ ದಿನ. ಓಂಕಾರಯ್ಯ ಪರದೆಯ ಮೇಲೆ ಪ್ರೋಗ್ರಾಮಿನ ಹೊಸ ಪಾರ್ಟೊಂದನ್ನು ತಂದಿಟ್ಟ. ಇಟ್ಟ ಕೂಡಲೇ ಪಕ್ಕದಲ್ಲಿ ಅದರ ಗುಣಗಳ ಪಟ್ಟಿ ಮೂಡಿತು: ಬಣ್ಣ, ಅಗಲ, ಹೆಸರು.

"ಅಣ್ಣಾ, ಇಂಥಿಂಥಾ ಗುಣ ಐತೆ ಅಂತ ಕಂಪ್ಯೂಟರಿಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಕಣೋ. ಈ ಪಾರ್ಟನ್ನ ಅದು ಮೊದಲು ನೋಡೇ ಇಲ್ಲ. ಎದುರಿಗೆ ಬಂದಾಗ, ನಿನ್ನಲ್ಲಿ ಏನೇನೈತೆ ಅಂತ ಪಾರ್ಟನ್ನೇ ಕೇಳುತ್ತೆ. ನೀನೂ ಹಂಗೇ ಇರು. ನನ್ನ ತಲೆ ತಿನ್ನಬೇಡ, ಎದುರಿಗೆ ಬಂದದ್ದನ್ನೇ ಕೇಳು."

"ಹಂಗೇ ಆಗಲಿ ಅಣ್ಣ."

ಬಸ್‌ಸ್ಟ್ಯಾಂಡಿಗೆ ನಾಲ್ಕು ರಟ್ಟಿನ ಡಬ್ಬ ಬಂದಿದ್ದವು. ಪ್ರಿಂಟರ್ ಇರುವ ಡಬ್ಬ ತಾ ಎಂದು ಓಂಕಾರಯ್ಯ ಕಳಿಸಿದ. ಮೂಡ್ಲಗಿರಿ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಏನಪ್ಪಾ, ನಿನ್ನಲ್ಲಿ ಏನೈತೆ?" ಡಬ್ಬ ಸುಮ್ಮನಿತ್ತು. "ಸ್ವಾಮೀ, ನಿಮ್ಮಲ್ಲಿ?" ಅದೂ ಸುಮ್ಮನಿತ್ತು. ಬರಿಗೈಯಲ್ಲಿ ಬಂದ.

"ಮೂರನ್ನ ಕೇಳಿದೆ ಅಣ್ಣ, ಮಾತಾಡಲಿಲ್ಲ."

"ನಾಲ್ಕನೇದು?"

"ಕೇಳೋ ಅಷ್ಟರಲ್ಲಿ ಯಾರೋ ಎತ್ಕೊಂಡು ಹೋದ್ರು."

ಪ್ರಿಂಟರ್ ಇದ್ದದ್ದು ಅದರಲ್ಲೇ. ಓಂಕಾರಯ್ಯ ಹಣೆ ಹಿಡಿದುಕೊಂಡ. "ಪೆದ್ದಪ್ಪಾ, ಕೇಳೋದು ಅಂದ್ರೆ ಬಾಯಲ್ಲಿ ಅಲ್ಲ. ಏನೈತೆ ಅಂತ ನೋಡಬೇಕು, ಒಂದೊಂದಾಗಿ ಪಟ್ಟಿ ಮಾಡಬೇಕು."

"ಹಂಗೇ ಆಗಲಿ ಅಣ್ಣ."

ಸಂಜೆ ಕೆಂಚಮ್ಮ ರಸ್ತೆಗೇ ಬಂದು ನಿಂತಿದ್ದಳು. "ನಾಳೆಗೂ ಬಾ ಅಂದ್ರೇನ್ಲಾ?" "ಬಾ ಅಂದ್ರವ್ವ." ಅವಳ ಎದೆಯ ಭಾರ ಒಂದು ದಿನದ ಮಟ್ಟಿಗೆ ಇಳಿಯಿತು.

ಮೂರನೇ ದಿನ ಎಣ್ಣೆ ಮಿಲ್ಲಿನ ರುದ್ರಮುನಿ ಬಂದ. ಕೈಚೀಲ ಬೆಂಚಿನ ಮೇಲಿಟ್ಟು ಮಾತಿಗೆ ಕೂತ. ಡೇರಿಯಿಂದ ಬಂದಿದ್ದ ಇಬ್ಬರು ಹೆಂಗಸರೂ ಅಲ್ಲೇ ಇದ್ದರು. ಮೂಡ್ಲಗಿರಿ ಚೀಲ ಬಿಚ್ಚಿದ, ಒಂದೊಂದಾಗಿ ಎತ್ತಿ ಹಿಡಿದ, ಗಟ್ಟಿಯಾಗಿ ಪಟ್ಟಿ ಮಾಡಿದ. "ಕನ್ನಡಕ ಒಂದು. ಬಾಳೆಹಣ್ಣು ಎರಡು. ಮೂಲವ್ಯಾಧಿ ಮುಲಾಮು ಒಂದು, ಅರ್ಧ ಖರ್ಚಾಗೈತೆ. ತಲೆಗೆ ಹಚ್ಚೋ ಕರೀ ಬಣ್ಣ..."

ಹೆಂಗಸರು ರುದ್ರಮುನಿಯ ತಲೆ ನೋಡಿದರು. ರುದ್ರಮುನಿ ಚೀಲ ಕಿತ್ತುಕೊಂಡು ನಡೆದ.

"ಲೋ, ಬಿಚ್ಚಬಾರದು ಕಣೋ," ಅಂದ ಓಂಕಾರಯ್ಯ. "ಕಂಪ್ಯೂಟರು ಪಾರ್ಟನ್ನ ಬಗೆದು ನೋಡಲ್ಲ. ಪಾರ್ಟು ಮಾಡೋ ಕೆಲಸಗಳ ಹೆಸರು ಓದುತ್ತೆ, ಅಷ್ಟೆ. 'ಬಣ್ಣ ಕೊಡು' ಅಂತ ಒಂದು, 'ಬಣ್ಣ ಇಡು' ಅಂತ ಒಂದು, ಎರಡೂ ಇದ್ದರೆ, ಓಹೋ, ಇದಕ್ಕೆ ಬಣ್ಣ ಅನ್ನೋ ಗುಣ ಐತೆ, ಬದಲಾಯಿಸಬಹುದು ಅಂತ ತಿಳ್ಕೊಳ್ಳುತ್ತೆ. ಕೊಡೋದು ಇದ್ದು ಇಡೋದು ಇಲ್ಲದಿದ್ದರೆ ನೋಡಬಹುದು, ಬದಲಾಯಿಸೋ ಹಂಗಿಲ್ಲ. ಮೊದಲು ಎರಡೂ ಐತಾ ನೋಡು, ಆಮೇಲೆ ಕೈ ಹಾಕು."

"ಹಂಗೇ ಆಗಲಿ ಅಣ್ಣ."

ಐದನೇ ದಿನ ಓಂಕಾರಯ್ಯ ಗೋಡೆ ಗಡಿಯಾರ ನೋಡಿದ. "ಇನ್ನೂ ಹನ್ನೊಂದೇ. ಹೊಟ್ಟೆ ಹಸೀತಾ ಐತೆ, ಬೇಗ ಒಂದೂವರೆ ಆಗಬಾರದಾ," ಅಂದು ಹಿಂದಿನ ಕೋಣೆಗೆ ಹೋದ. ಮೂಡ್ಲಗಿರಿ ಗಡಿಯಾರ ಇಳಿಸಿದ. ಮುಂದೆ ಮುಳ್ಳು, ಹೊತ್ತು ಕೊಡುತ್ತೆ. ಹಿಂದೆ ತಿರುಪು, ಹೊತ್ತು ಇಡುತ್ತೆ. ಎರಡೂ ಅವೆ! ಒಂದೂವರೆಗೆ ಇಟ್ಟು ಮೊಳೆಗೆ ಹಾಕಿದ.

ಎದುರು ಶಾಲೆಯ ಜವಾನ ಆ ಗಡಿಯಾರ ನೋಡಿಯೇ ಊಟದ ಗಂಟೆ ಹೊಡೆಯುವವನು. ಹೊಡೆದ. ನಾನೂರು ಮಕ್ಕಳು ತಟ್ಟೆ ಹಿಡಿದು ಓಡಿದವು. ಅಕ್ಕಿ ಇನ್ನೂ ನೀರಲ್ಲೇ ಇತ್ತು. ಹೆಡ್‌ಮಾಸ್ತರು ಅಂಗಡಿಗೆ ಬಂದು ಆಡಿದ ಮಾತು ನಾನಿಲ್ಲಿ ಬರೆಯಲಾರೆ.

"ನೀನು ಏನನ್ನೂ ಇಡೋಕೆ ಹೋಗಬೇಡಪ್ಪಾ," ಎಂದು ಓಂಕಾರಯ್ಯ ಕೈ ಮುಗಿದ. "ಬರೀ ಕೊಡು. ಯಾರೇನು ಕೇಳಿದರೂ ಇದ್ದದ್ದನ್ನ ಇದ್ದಂಗೆ ಕೊಡು."

"ಹಂಗೇ ಆಗಲಿ ಅಣ್ಣ."

ಅಂದು ಸಂಜೆ ಕೆಂಚಮ್ಮ ಊರ ಗಡಿಯವರೆಗೂ ಬಂದಿದ್ದಳು. "ಬಾ ಅಂದ್ರೇನ್ಲಾ?" "ಕೈ ಮುಗಿದು ಮಾತಾಡಿದ್ರವ್ವ." ಮಗನಿಗೆ ಕೈ ಮುಗಿದರು ಅಂತ ಕೆಂಚಮ್ಮ ಇಡೀ ಬೀದಿಗೆ ಹೇಳಿದಳು.

ಏಳನೇ ದಿನ ಓಂಕಾರಯ್ಯ ಊಟಕ್ಕೆ ಹೋಗಿದ್ದ. ಹಿಂದಿನ ಬೀದಿಯಲ್ಲಿ ಇಂಥದೇ ಅಂಗಡಿ ಇಟ್ಟಿದ್ದ ಪಂಚಾಕ್ಷರಿ ಮೆಲ್ಲಗೆ ಒಳಗೆ ಬಂದ. "ತಮ್ಮಾ, ನಿಮ್ಮಣ್ಣನ ಕಂಪ್ಯೂಟರಿನ ಪಾಸ್‌ವರ್ಡ್ ಏನು?" ಮೂಡ್ಲಗಿರಿ ಕೊಟ್ಟ. "ಡೇರಿಗೆ ಬರೆದ ಪ್ರೋಗ್ರಾಂ?" ಅದನ್ನೂ ಪೆನ್‌ಡ್ರೈವಿಗೆ ಹಾಕಿಕೊಟ್ಟ. "ಇನ್ನೇನಾದ್ರೂ ಕೇಳಿ ಅಣ್ಣ, ಐತೆ," ಅಂದ.

ಓಂಕಾರಯ್ಯ ಬಾಗಿಲಿಗೆ ಬಂದವನು ಪೆನ್‌ಡ್ರೈವ್ ಕಿತ್ತುಕೊಂಡು ಪಂಚಾಕ್ಷರಿಯನ್ನು ಆಚೆ ಅಟ್ಟಿದ. ಆಮೇಲೆ ಇವನ ಕಡೆ ತಿರುಗಿದ.

"ಪಾರ್ಟಿಗೆ ಹೊರಗಿನದು ಅಂತ ಇರುತ್ತೆ, ಒಳಗಿನದು ಅಂತ ಇರುತ್ತೆ. ಹೊರಗಿನವರು ಬಂದು ಕೇಳಿದಾಗ ಒಳಗಿನದು ಪಟ್ಟಿಗೆ ಬರಬಾರದು. ಐತೆ ಅಂತಲೂ ಗೊತ್ತಾಗಬಾರದು. ಈ ಅಂಗಡಿಯಲ್ಲಿರೋದೆಲ್ಲ ಒಳಗಿನದು. ನಿನ್ನ ತಲೆಗೆ ಹೋಯ್ತಾ?"

"ಹೋಯ್ತು ಅಣ್ಣ. ಹಂಗೇ ಆಗಲಿ."

ಎಂಟನೇ ದಿನ. ಕೆಂಚಮ್ಮ ಕೋಳಿ ಕೂಗುವ ಮೊದಲೇ ಎದ್ದು ಒಬ್ಬಟ್ಟಿಗೆ ಬೇಳೆ ಬೇಯಲಿಟ್ಟಳು. ಓಂಕಾರಯ್ಯ ಡೇರಿಗೆ ಹೋಗಿದ್ದ. ಬಿಳೀ ಪಂಚೆಯ ದೊಡ್ಡ ಮನುಷ್ಯರೊಬ್ಬರು ಮೆಟ್ಟಿಲು ಹತ್ತಿ ಬಂದರು. ನೇತ್ರಾವತಿಯ ಅಪ್ಪ ಸಿದ್ದಗಂಗಯ್ಯ.

"ಏನಪ್ಪಾ, ಓಂಕಾರಯ್ಯನೋರ ಅಂಗಡಿ ಇದೇನಾ?"

ಮೂಡ್ಲಗಿರಿ ಅಡಿಯಿಂದ ಮುಡಿಯವರೆಗೆ ನೋಡಿದ. ಹೊರಗಿನವರು. "ಅದು ಒಳಗಿನದು," ಅಂದ.

"ಬೋರ್ಡ್ ಹಾಕವ್ರಲ್ಲಪ್ಪ."

"ಬೋರ್ಡ್ ಹೊರಗಿನದು. ಓದ್ಕೊಳ್ಳಿ."

ಸಿದ್ದಗಂಗಯ್ಯ ಹೆಗಲ ವಸ್ತ್ರ ಸರಿ ಮಾಡಿಕೊಂಡ. "ಇಲ್ಲಿ ಮೂಡ್ಲಗಿರಿ ಅಂತ ಒಬ್ಬ ಕೆಲಸಕ್ಕೆ ಇದಾನಾ?"

"ಪಟ್ಟಿಗೆ ಬರಲ್ಲ."

"ಹೋಗಲಿ, ನೀನ್ಯಾರು?"

"ನಾನು ಇದೀನಿ ಅಂತಲೂ ನಿಮಗೆ ಗೊತ್ತಾಗಬಾರದು," ಅಂದವನೇ ಮೂಡ್ಲಗಿರಿ ಮೇಜಿನ ಕೆಳಗೆ ತೂರಿದ.

ಸಿದ್ದಗಂಗಯ್ಯ ಖಾಲಿ ಕುರ್ಚಿಯನ್ನು ಒಂದು ಗಳಿಗೆ ನೋಡಿದ. ಮೆಟ್ಟಿಲಿಳಿದು ನೆಟ್ಟಗೆ ಬಾಣಾವರದ ಬಸ್ಸು ಹತ್ತಿದ.

ಇವತ್ತು ಯಾರೂ ಬೈಯಲಿಲ್ಲವೆಂದು ಮೂಡ್ಲಗಿರಿ ಹಿಗ್ಗಿ ಮನೆಗೆ ಬಂದ. ಕೆಂಚಮ್ಮ ತಟ್ಟೆಗೆ ಒಬ್ಬಟ್ಟು ಹಾಕಿದಳು, ತುಪ್ಪ ಸುರಿದಳು, ಕೂರಲಿಲ್ಲ. "ಯಾರಾದ್ರೂ ಬಂದಿದ್ರೇನ್ಲಾ? ಏನು ಕೇಳಿದ್ರು? ನೀನೇನಂದೆ?"

ಮೂಡ್ಲಗಿರಿ ಯೋಚಿಸಿದ. "ಅವ್ವಾ, ನೀನು ಒಳಗಿನವಳಾ, ಹೊರಗಿನವಳಾ?"

"ನಾನು ನಿನ್ನ ಹೆತ್ತೋಳು ಕಣ್ಲಾ."

"ಅಂಗಡಿಗೆ ಹೊರಗಿನವಳೇ," ಅಂದು ತಟ್ಟೆ ಎತ್ತಿಕೊಂಡು ಮಂಚದ ಕೆಳಗೆ ತೂರಿಕೊಂಡ.