ಪಾರಿಯ ಸ್ಲೇಟು

ನದಿಯ ದಡದ ಆಶ್ರಮದಲ್ಲಿ ಮುದ್ದಯ್ಯನೆಂಬ ಶಿಷ್ಯನಿದ್ದ. ಹೆಂಡತಿ ತೀರಿಕೊಂಡ ಮೇಲೆ, ಎಂಟು ವರ್ಷದ ಮಗಳು ಪಾರಿಯನ್ನು ಕರೆದುಕೊಂಡು ಬಂದು ಅಲ್ಲೇ ಒಂದು ಪುಟ್ಟ ಮನೆಯಲ್ಲಿ ನೆಲೆಸಿದ್ದ.

ಹಳೆಯ ಗ್ರಂಥಗಳನ್ನು ನಕಲು ಮಾಡುವುದು ಅವನ ಕೆಲಸ. ಅವನ ಬರಹದಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಹತ್ತಿರದಲ್ಲಿ ಶಾಲೆ ಇರಲಿಲ್ಲ. ಮಗಳಿಗೆ ತಾನೇ ಓದುಬರಹ ಕಲಿಸಲು ಕುಳಿತ. ಅಂದಿನಿಂದ ಆ ಮನೆಯ ನೆಮ್ಮದಿ ಹೋಯಿತು.

"ಅಕ್ಕ ಅಂತ ಬರಿ."

ಪಾರಿ ಬರೆದಳು: ಅಕ.

"ಒತ್ತು ಎಲ್ಲಿ?"

"ಮರೆತೆ ಅಪ್ಪ."

"ನಿನ್ನೆಯೂ ಮರೆತೆ. ಮೊನ್ನೆಯೂ ಮರೆತೆ. ಊಟ ಮಾಡೋದನ್ನ ಯಾವತ್ತಾದರೂ ಮರೆತಿದ್ದೀಯಾ?"

ಪಾರಿ ಅಳುತ್ತಾ ಒರೆಸಿ ಮತ್ತೆ ಬರೆದಳು. ಈ ಸಲ ‘ಅ’ಕಾರಕ್ಕೇ ದೀರ್ಘ ಬಂದಿತ್ತು.

ಮುದ್ದಯ್ಯ ಬಳಪವನ್ನು ನೆಲಕ್ಕೆ ಎಸೆದ. "ನಿನಗೆ ಓದು ಬರಲ್ಲ, ಬರೆಯೋಕೆ ಬರಲ್ಲ. ಬರೋದೂ ಇಲ್ಲ. ನಿನ್ನನ್ನ ದೊಡ್ಡಮ್ಮನ ಮನೆಯಲ್ಲೇ ಬಿಟ್ಟು ಬರಬೇಕಿತ್ತು!"

ದೊಡ್ಡಮ್ಮನ ಮನೆ ಇದ್ದದ್ದು ಹೊಳೆಯ ಆಚೆ.

ಮರುದಿನ ಬೆಳಗ್ಗೆ ಅವನು ಸ್ನಾನ ಮುಗಿಸಿ ಬಂದಾಗ ಪಾರಿ ಮನೆಯಲ್ಲಿರಲಿಲ್ಲ. ನೀರಿನ ಕೊಡಕ್ಕೆ ಒರಗಿಸಿ ಸ್ಲೇಟು ಇಟ್ಟಿತ್ತು. ಬರೆದಿಟ್ಟು ಆಡಲು ಹೋಗಿದ್ದಾಳೆ ಅಂದುಕೊಂಡ. ಸ್ಲೇಟಿನ ಮೇಲೆ ಕಣ್ಣು ಹಾಯಿಸುತ್ತಲೇ ರೇಗಿಹೋಯಿತು. ಬಳಪ ಹಿಡಿದು ತಪ್ಪಿಗೊಂದು ಸುತ್ತು ಹಾಕಿದ. ಹಾಕುತ್ತಾ ಹೋದ. ಕೊನೆಗೆ ಸುತ್ತು ಬೀಳದ ಪದಗಳೇ ಕಡಿಮೆಯಾದವು.

ಹಾಗೇ ಸ್ಲೇಟು ಹಿಡಿದು ಗುರುಗಳ ಬಳಿಗೆ ಬಂದ. ಗುರುಗಳು ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಗುರುಗಳೇ, ನನಗೆ ಸಾಕಾಯಿತು. ಇವಳಿಗೆ ಕಲಿಸೋದು ನನ್ನ ಕೈಲಿ ಆಗಲ್ಲ. ನೋಡಿ ಇದನ್ನ!"

"ನನ್ನ ಕಣ್ಣಿಗೆ ಅಕ್ಷರ ಕಾಣಿಸುವುದು ನಿಂತು ಎಷ್ಟು ಕಾಲವಾಯಿತು! ನೀನೇ ಹೇಳು. ಏನು ಬರೆದಿದ್ದಾಳೆ?"

"ಮೊದಲ ಪದದಲ್ಲೇ ‘ಪ’ಗೆ ಒತ್ತಿಲ್ಲ."

"ಹೂಂ. ಏನು ಬರೆದಿದ್ದಾಳೆ?"

"ಮುಂದೆ ‘ಡ’ಗೂ ಇಲ್ಲ, ‘ಮ’ಗೂ ಇಲ್ಲ. ಇಲ್ಲಿ ನೋಡಿ, ‘ಹೋ’ ಅಂತ ಬರೆಯುವ ಕಡೆ ದೀರ್ಘವನ್ನೇ ನುಂಗಿದ್ದಾಳೆ."

ಅವರೆಕಾಯಿ ಸುಲಿಯುತ್ತಿದ್ದ ಗುರುಗಳ ಕೈ ನಿಂತಿತು. "ಮುದ್ದಯ್ಯ, ನಾನು ಕೇಳಿದ್ದು ಅದಲ್ಲ."

"‘ಟ’ಗೆ ಒತ್ತು..."

"ಅಯ್ಯೋ ಮಾರಾಯ! ಮಗು ಏನು ಬರೆದಿದೆ ಅಂತ ಓದೋ!"

ಗುರುಗಳು ಹಾಗೆ ಕಿರುಚಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಬೆಚ್ಚಿ, ಸ್ಲೇಟನ್ನು ಮುಖದ ಹತ್ತಿರ ಹಿಡಿದು ಓದತೊಡಗಿದ.

ಅದರಲ್ಲಿ ಹೀಗಿತ್ತು: ಅಪ ನಾನು ದೊಡಮನ ಮನೆಗೆ ಹೊಗುತೆನೆ ಇನು ನಿನಗೆ ಸಿಟು ಬರಲ

"ಅಪ್ಪ, ನಾನು... ದೊಡ್ಡಮ್ಮನ ಮನೆಗೆ..."

ಸ್ಲೇಟು ಹಿಡಿದೇ ಹೊಳೆಯ ಕಡೆಗೆ ಓಡಿದ. ಗುರುಗಳು ಕೋಲೂರಿಕೊಂಡು ಹಿಂದೆ ಬಂದರು.

ಹರಿಗೋಲು ದಡ ಬಿಟ್ಟಾಗಿತ್ತು. ಅಂಬಿಗ ಬೊಮ್ಮ ಹುಟ್ಟು ಹಾಕುತ್ತಿದ್ದ. ಅವನ ಮುಂದೆ ಪಾರಿ ಬಟ್ಟೆಯ ಗಂಟನ್ನು ತಬ್ಬಿಕೊಂಡು ಕುಳಿತಿದ್ದಳು.

"ಪಾರಿ! ಪಾರಿ!"

ಹೊಳೆ ತುಂಬಿ ಮೊರೆಯುತ್ತಿತ್ತು. ಕೂಗು ಕೇಳಿಸಲಿಲ್ಲ. ಮುದ್ದಯ್ಯ ನೀರಿಗಿಳಿದ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅವನಿಗೆ ಈಜು ಬರುತ್ತಿರಲಿಲ್ಲ.

ಹಿಂದಿರುಗಿ ನೋಡಿದವನು ಬೊಮ್ಮ. "ಏ ಅಯ್ಯಾ, ಸುಳಿ ಐತೆ! ಅಲ್ಲೇ ನಿಲ್ಲು! ಬಂದೆ, ಬಂದೆ!" ಎನ್ನುತ್ತಾ ಹರಿಗೋಲು ತಿರುಗಿಸಿದ.

ಹರಿಗೋಲು ಹತ್ತಿರ ಬಂದಾಗ ಮುದ್ದಯ್ಯ ಅದರ ಅಂಚನ್ನು ಗಟ್ಟಿಯಾಗಿ ಹಿಡಿದ. ಸ್ಲೇಟು ಇನ್ನೂ ಅವನ ಕೈಯಲ್ಲೇ ಇತ್ತು. ನೀರು ತಾಗಿ ಅರ್ಧ ಅಳಿಸಿತ್ತು.

ಪಾರಿ ಸ್ಲೇಟು ನೋಡಿದಳು, ಅಪ್ಪನ ಮುಖ ನೋಡಿದಳು.

"ಓದಿದೆಯಾ?"

"ಓದಿದೆ."

"ನಾನು ಬರೆದಿದ್ದು ನಿನಗೆ ಗೊತ್ತಾಯ್ತಾ?"

"ಗೊತ್ತಾಯ್ತು ಮಗಳೇ."

"ಎಲ್ಲಾ?"

"ಎಲ್ಲಾ."

ಅವಳ ಕಣ್ಣು ಅರಳಿತು. ಮರುಕ್ಷಣವೇ ಹುಬ್ಬು ಗಂಟಿಕ್ಕಿತು.

"ಮತ್ತೆ, ನನಗೆ ಬರೆಯೋಕೆ ಬರಲ್ಲ ಅಂದೆ?"

ಮುದ್ದಯ್ಯ ಸೊಂಟಮಟ್ಟದ ನೀರಿನಲ್ಲೇ ನಿಂತು, ಮಗಳ ಮಡಿಲಿಗೆ ಮುಖವಿಟ್ಟು ಅತ್ತುಬಿಟ್ಟ.

ಅಂದು ಮಧ್ಯಾಹ್ನ ಒಣಬಟ್ಟೆ ಉಟ್ಟು ಗುರುಗಳ ಮುಂದೆ ಬಂದು ಕುಳಿತ.

"ಗುರುಗಳೇ, ತಪ್ಪಾಯಿತು. ಇನ್ನು ಮುಂದೆ ಅವಳ ಬರಹವನ್ನು ತಿದ್ದುವುದೇ ಇಲ್ಲ."

"ತಿದ್ದದೆ ಹೋದರೆ ಕಲಿಯುವುದು ಹೇಗಯ್ಯ?"

"ಹಾಗಾದರೆ ತಿದ್ದಲೇ?"

"ತಿದ್ದು."

"ಸಿಟ್ಟು ಬಂದರೆ?"

"ಬರುತ್ತದೆ. ನನಗೆ ನಿನ್ನ ಮೇಲೆ ಬರುವುದಿಲ್ಲವೇ?"

ಮುದ್ದಯ್ಯ ತಲೆ ಕೆರೆದುಕೊಂಡ. "ತಿದ್ದಲೂಬೇಕು, ಮಗು ನೋಯಲೂಬಾರದು. ಇದಕ್ಕೊಂದು ಕ್ರಮ ಇರಬೇಕಲ್ಲ? ಮೊದಲು ಒತ್ತು ಹೇಳಿಕೊಡಲೇ, ದೀರ್ಘ ಹೇಳಿಕೊಡಲೇ? ಬೆಳಗ್ಗೆ ಒಳ್ಳೆಯದೋ, ಸಂಜೆ ಒಳ್ಳೆಯದೋ?"

ಗುರುಗಳು ಕಣ್ಣು ಮುಚ್ಚಿಕೊಂಡರು. ಅದು ಧ್ಯಾನವೇನೂ ಆಗಿರಲಿಲ್ಲ.

ಅಷ್ಟರಲ್ಲಿ ಪಾರಿ ಕುಣಿಯುತ್ತಾ ಬಂದಳು. ಹೊಳೆಯಿಂದ ಬಂದಾಗಿನಿಂದ ಅವಳು ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಎಲ್ಲವನ್ನೂ ಬರೆದೇ ತೋರಿಸುತ್ತಿದ್ದಳು. ಈಗಲೂ ಸ್ಲೇಟನ್ನು ಅಪ್ಪನ ಮೂಗಿನ ಮುಂದೆ ಹಿಡಿದಳು.

ಅಪ ಹೊಟೆ ಹಸಿಯುತಿದೆ

ಮುದ್ದಯ್ಯ ಜೋರಾಗಿ, ತಪ್ಪಿಲ್ಲದೆ ಓದಿದ. "ಅಪ್ಪ, ಹೊಟ್ಟೆ ಹಸಿಯುತ್ತಿದೆ." ಪಾರಿ ಹಿಗ್ಗಿದಳು.

ಅವನ ಕೈ ತಾನಾಗಿಯೇ ಬಳಪದ ಕಡೆಗೆ ಹೋಯಿತು. "ಭೇಷ್ ಮಗಳೇ. ಗುರುಗಳೇ, ಓದಿದೆ, ಅರ್ಥವೂ ಆಯಿತು. ಈಗ ಈ ‘ಟ’ಗೆ ಒಂದು ಒತ್ತು..."

ಗುರುಗಳು ಹಣೆ ಚಚ್ಚಿಕೊಂಡರು.

"ಮೊದಲು ಅನ್ನ ಹಾಕಯ್ಯಾ, ಪುಣ್ಯಾತ್ಮಾ!"